ಹಂಡೆಯೋ, ಏಣಿಯೋ?

ಹಳೆಯ ಅಂಚೆ ಕಾರ್ಡುಗಳನ್ನು ಸಂಗ್ರಹಿಸುವವರು ದೊಡ್ಡ ಪಟ್ಟಣಗಳಲ್ಲಿ ಸುಖವಾಗಿರುತ್ತಾರೆ. ಅಲ್ಲಿ ಕಾರ್ಡು ಬರೆದವರೂ ಪಡೆದವರೂ ಗುರುತು ಪರಿಚಯವಿಲ್ಲದವರು. ಶಿರಸಿಯಲ್ಲಿ ಆ ಅನುಕೂಲವಿಲ್ಲ. ಇಲ್ಲಿ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಯಾವ ಕಾರ್ಡನ್ನು ತಿರುಗಿಸಿ ನೋಡಿದರೂ, ಅದರ ವಿಳಾಸದಲ್ಲಿರುವವರ ಮೊಮ್ಮಗ ಪಕ್ಕದ ಅಂಗಡಿಯೆದುರು ಕವಳ ಹಾಕುತ್ತ ನಿಂತಿರುತ್ತಾನೆ, ಮತ್ತು ಸ್ವಲ್ಪ ಹೊತ್ತು ಮಾತಿಗೆ ನಿಂತರೆ ನಮ್ಮ ಷಡ್ಡಕನ ಕಡೆಯಿಂದ ನೆಂಟನೂ ಆಗಿಬಿಡುತ್ತಾನೆ.

ನನ್ನಲ್ಲಿರುವುದು ಚಿತ್ರದ ಕಾರ್ಡುಗಳಲ್ಲ. ಬಹುಪಾಲು ಸರಕಾರವೇ ಅಚ್ಚು ಹಾಕಿಸಿದ ಬೋಳು ಕಾರ್ಡುಗಳು, 1879ರ ಜುಲೈ 1ರಂದು ಕಾಲಾಣೆಗೆ ಮಾರಾಟಕ್ಕೆ ಬಂದ ಮೊದಲ ಕಾರ್ಡಿನ ವಂಶಸ್ಥರು. ತಾರೀಕು ಅಳಿಸಿದ್ದರೂ ಅವುಗಳ ವಯಸ್ಸನ್ನು ಅಂದಾಜು ಮಾಡಬಹುದು. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು, ‘ನಯೇ ಪೈಸೆ’ಯಲ್ಲಿದ್ದರೆ ಅದರ ಈಚಿನದು, ಪಿನ್‌ಕೋಡ್ ಬರೆಯುವ ಮನೆಗಳಿದ್ದರೆ 1972ರ ನಂತರದ್ದು. ವಿಳಾಸದ ಕೊನೆಗೆ ‘ಮುಂಬಯಿ ಇಲಾಖೆ’ ಎಂದಿದ್ದರೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ಕ್ಕೂ ಮೊದಲಿನದು ಎನ್ನಬಹುದಾದರೂ, ರಾಜ್ಯ ಬದಲಾದ ಸುದ್ದಿಗೆ ಅಷ್ಟೇನೂ ಬೆಲೆ ಕೊಡದ ಅಜ್ಜಂದಿರು ಇದ್ದರೆಂಬುದನ್ನು ನೆನಪಿನಲ್ಲಿಡಬೇಕು.

ಈ ಕಾರ್ಡುಗಳಿಗೆಲ್ಲ ನಡುಮಧ್ಯದಲ್ಲಿ ಒಂದು ತೂತಿರುತ್ತದೆ. ಹಿಂದೆ ಬಂದ ಕಾಗದಗಳನ್ನೆಲ್ಲ ಜಗಲಿಯಲ್ಲಿ ತೂಗುಹಾಕಿದ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. ತಂತಿಗೆ ಅಕ್ಷರಜ್ಞಾನವಿದ್ದಿರಬೇಕು, ಏಕೆಂದರೆ ಅದು ಯಾವಾಗಲೂ ಪತ್ರದ ಮುಖ್ಯವಾದ ಶಬ್ದವನ್ನೇ ಹುಡುಕಿ ಚುಚ್ಚಿದೆ. ‘ಇತ್ತ ಎಲ್ಲರೂ ಕ್ಷೇಮ’ ಎಂಬ ಭಾಗಕ್ಕೆ ಒಂದು ಗೀರೂ ಇಲ್ಲ. ಎಷ್ಟು ರೂಪಾಯಿ ಸಾಲ ಎಂಬಲ್ಲಿ ಮಾತ್ರ ಆಚೆಯ ಬೆಳಕು ಕಾಣುತ್ತದೆ. ಇನ್ನೊಂದು ವಿಶೇಷವೆಂದರೆ, ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುವ ರೂಢಿಯಿದ್ದುದರಿಂದ, ನನ್ನ ಸಂಗ್ರಹದ ಪ್ರಕಾರ ಶಿರಸಿ ಸೀಮೆಯಲ್ಲಿ ಎಲ್ಲರಿಗೂ ಉಪನಯನ, ಮದುವೆ, ಸಾಲ ಎಲ್ಲ ಆಗಿವೆ, ಯಾರೂ ಸತ್ತಿಲ್ಲ.

ಮಳೆಗಾಲದಲ್ಲಿ ಇವುಗಳಿಗೆ ಬೂಸು ಹಿಡಿಯದಂತೆ ಕಾಯುವುದೇ ಒಂದು ಉದ್ಯೋಗ. ನಮ್ಮ ಮನೆಯಲ್ಲಿ ಗಾಳಿಯಾಡದ ಡಬ್ಬವೆಂದರೆ ಹಲಸಿನ ಹಪ್ಪಳದ ಡಬ್ಬವೊಂದೇ ಆದ್ದರಿಂದ, ಕಳೆದ ಆಷಾಢದಲ್ಲಿ ಕಾರ್ಡುಗಳೂ ಡಾಂಬರು ಗುಳಿಗೆಗಳೂ ಹಪ್ಪಳಗಳೂ ಅದರಲ್ಲೇ ಸಹಬಾಳ್ವೆ ನಡೆಸಿದವು. ಆ ಹಪ್ಪಳವನ್ನು ತಿಂದ ನೆಂಟರು ಮತ್ತೆ ಬಂದಿಲ್ಲ. ಮನೆಯವಳು ಅದನ್ನು ನಷ್ಟದ ಲೆಕ್ಕಕ್ಕೆ ಹಾಕಿಲ್ಲ.

ಹೀಗಿರುವಾಗ ನಮ್ಮೂರಿನಲ್ಲೊಂದು ಹಾಸ್ಯ ಸಂಜೆ ಏರ್ಪಾಡಾಯಿತು. ಹುಬ್ಬಳ್ಳಿಯಿಂದ ಬರಬೇಕಾಗಿದ್ದ ಮಿಮಿಕ್ರಿ ಕಲಾವಿದರು ಇನ್ನೂ ಮುಂಡಗೋಡದಲ್ಲಿ ಚಹಾ ಕುಡಿಯುತ್ತಿದ್ದಾರೆಂಬ ಫೋನು ಬಂದದ್ದರಿಂದ, ಅವರು ತಲುಪುವವರೆಗೆ ಹಳೆಯ ಕಾರ್ಡುಗಳನ್ನು ಓದಿ ಸಭೆಯನ್ನು ನಗಿಸುವ ಹೊಣೆ ನನ್ನ ಪಾಲಿಗೆ ಬಂತು. ಮೊದಲೆರಡು ಕಾರ್ಡುಗಳಿಗೆ ಜನ ಚೆನ್ನಾಗಿಯೇ ನಕ್ಕರು. ಮೂರನೆಯದರಲ್ಲಿ, ‘ತೀರ್ಥರೂಪ ಸಮಾನರಾದ ಭಾವಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಉಪನಯನಕ್ಕೆಂದು ಒಯ್ದ ನಮ್ಮ ದೊಡ್ಡ...’ ಎಂಬಲ್ಲಿಗೆ ತೂತು ಬಂತು. ನಾನು ಕಾರ್ಡನ್ನು ಎತ್ತಿ ಹಿಡಿದು, ತೂತಿನ ಮೂಲಕ ಸಭೆಯನ್ನೊಮ್ಮೆ ನೋಡಿ, ‘...ಇನ್ನೂ ವಾಪಸು ಬಂದಿಲ್ಲ’ ಎಂದು ಮುಗಿಸಿದೆ.

ನಗು ಬರಬೇಕಾದ ಜಾಗದಲ್ಲಿ ಎರಡನೆಯ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. “ತಮಾ, ಅದು ನಮ್ಮನೆ ಅಜ್ಜನ ಅಕ್ಷರ. ಒಯ್ದಿದ್ದು ಏಣಿ.”

“ಏಣಿ ಅಲ್ದೋ ಮಾರಾಯ, ಹಂಡೆ. ಈಗ್ಲೂ ನಮ್ಮನೆ ಬಚ್ಚಲಲ್ಲಿ ಇದ್ದು” ಎಂದು ಹಿಂದಿನಿಂದ ಇನ್ನೊಬ್ಬರು ಸತ್ಯ ನುಡಿದರು, ಮತ್ತು ನುಡಿದ ಮರುಕ್ಷಣವೇ ಅವರ ಹೆಂಡತಿ ಅವರ ಅಂಗಿಯನ್ನು ಹಿಡಿದು ಕುಳ್ಳಿರಿಸಿದರು. ಆದರೆ ಕಾಲ ಮಿಂಚಿತ್ತು. ಹಂಡೆ ತಾಮ್ರದ್ದೋ ಹಿತ್ತಾಳೆಯದ್ದೋ, ಇಷ್ಟು ವರ್ಷ ಅದರಲ್ಲಿ ಕಾಯಿಸಿಕೊಂಡ ಬಿಸಿನೀರಿಗೆ ಬಡ್ಡಿ ಹಾಕಬಹುದೋ ಇಲ್ಲವೋ ಎಂದು ಸಭೆ ಎರಡು ಪಕ್ಷವಾಗಿ ಒಡೆದು, ತಾಳಮದ್ದಲೆಯ ಸಂಧಾನಪ್ರಸಂಗವನ್ನೂ ಮೀರಿಸುವ ವಾದಸರಣಿ ಸಾಗಿತು. ಅಷ್ಟರಲ್ಲಿ ತಲುಪಿದ್ದ ಮಿಮಿಕ್ರಿಯವರು ಬಾಗಿಲಲ್ಲಿ ನಿಂತು, ಇದು ಕಾರ್ಯಕ್ರಮದ ಭಾಗವೆಂದೇ ತಿಳಿದು, ಚಪ್ಪಾಳೆ ತಟ್ಟಿದರು.

ಕೊನೆಯಲ್ಲಿ ನಿರೂಪಕರು ನನ್ನನ್ನು ಬದಿಗೆ ಕರೆದು, ಮುಂದಿನ ವರ್ಷವೂ ಬನ್ನಿ, ಆದರೆ ದಯವಿಟ್ಟು ಬೇರೆ ತಾಲ್ಲೂಕಿನ ಕಾರ್ಡುಗಳನ್ನು ತನ್ನಿ ಎಂದು ಕೈಮುಗಿದರು. ಕುಮಟಾ ಕಡೆಯವು ನನ್ನಲ್ಲಿ ಬೇಕಾದಷ್ಟಿವೆ. ನಿರೂಪಕರ ಮಾವನ ಮನೆಗೆ ಬಂದ ಒಂದು ಸಾಲದ ಕಾರ್ಡೂ ಅವುಗಳಲ್ಲಿದೆ. ಅದಕ್ಕೆ ಮಾತ್ರ ತೂತಿಲ್ಲ.