ಒಂದು ಮಿಲಿಮೀಟರ್ ಭಾರ

ಕಾರಿನ ಸ್ಟೇರಿಂಗ್ ಹಗುರ ಇದ್ದಷ್ಟೂ ಒಳ್ಳೇದು ಅಂತ ನಮ್ಮ ಬೀದಿಯವರೆಲ್ಲ ಒಪ್ಪಿಕೊಂಡಾಗಿದೆ. ಒಂದೇ ಕೈಯಲ್ಲಿ ತಿರುಗಬೇಕು. ಇನ್ನೊಂದು ಕೈ ಫೋನಿಗೆ ಬೇಕಲ್ಲ! ಈ ವಿಷಯದಲ್ಲಿ ನಾನೊಬ್ಬನೇ ವಿರೋಧ ಪಕ್ಷ. ನನಗೆ ಸ್ಟೇರಿಂಗ್ ಗಟ್ಟಿ ಇರಬೇಕು. ಕೈಗೆ ಸ್ವಲ್ಪ ಕೆಲಸ ಕೊಡಬೇಕು. ಕೆಳಗೆ ರಸ್ತೆ ಇದೆಯೋ ಇಲ್ಲವೋ ಅನ್ನುವುದಾದರೂ ಗೊತ್ತಾಗಬೇಕು.

ನನ್ನ ಕಾರಿಗೆ ವಯಸ್ಸಾಗಿದೆ. ಆಯಿಲ್ ಪವರ್ ಸ್ಟೇರಿಂಗಿನ ಕಾಲದ್ದು. ಅದರ ಸ್ಟೇರಿಂಗ್ ತಿರುಗಿಸಿದರೆ ಮಜ್ಜಿಗೆ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾರ್ಕ್ ಮಾಡುವಾಗ ಇದು ವರ, ಸುಳ್ಳು ಹೇಳಬಾರದು. ಆದರೆ ತರೀಕೆರೆ ದಾಟಿ ರಸ್ತೆ ನೇರ ಆಯ್ತು, ಮುಳ್ಳು 90 ಮುಟ್ಟಿತು ಅಂದರೆ ನನಗೆ ಪುಕಪುಕ. ಒಂದು ಸೀನು ಬಂದರೆ ಗಾಡಿ ಪಕ್ಕದ ಲೇನಿನಲ್ಲಿರುತ್ತದೆ. ಹೆಂಡತಿಗೆ ಇದು ಯಾವತ್ತೂ ಸಮಸ್ಯೆ ಅನ್ನಿಸಿಲ್ಲ. "ಸೀನಬೇಡಿ" ಅನ್ನುವುದು ಅವಳ ಪರಿಹಾರ.

ಮೊದಲು ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. "ಸ್ಟೇರಿಂಗ್ ಗಟ್ಟಿ ಮಾಡೋಕೆ ಏನಾದ್ರೂ ಇದ್ಯಾ?" ಅಂದೆ. ಹುಡುಗ ಒಳಗೆ ಹೋಗಿ ಒಂದು ಸ್ಟೇರಿಂಗ್ ನಾಬ್ ತಂದ. "ಇದನ್ನ ಹಾಕ್ಕೊಳಿ ಸಾರ್, ಕಿರುಬೆರಳಲ್ಲಿ ತಿರುಗುತ್ತೆ." ಅಲ್ಲಪ್ಪಾ, ನನಗೆ ಅಷ್ಟು ಸುಲಭವಾಗಿ ತಿರುಗಬಾರದು ಅಂದೆ. ಅವನು ನನ್ನ ಮುಖ ನೋಡಿದ. ಮತ್ತೆ ಒಳಗೆ ಹೋಗಿ, ಕಳ್ಳರ ಭಯಕ್ಕೆ ಹಾಕುವ ಕಬ್ಬಿಣದ ಸ್ಟೇರಿಂಗ್ ಲಾಕ್ ತಂದಿಟ್ಟ. "ಇದು ಹಾಕಿದ್ರೆ ತಿರುಗೋದೇ ಇಲ್ಲ ಸಾರ್."

ಗೋಡೆಯಲ್ಲಿ ಸಣ್ಣದೊಂದು ರೇಸಿಂಗ್ ಸ್ಟೇರಿಂಗ್ ನೇತಾಡುತ್ತಿತ್ತು. ಚಕ್ರ ಸಣ್ಣದಾದಷ್ಟೂ ಕೈಗೆ ಭಾರ ಜಾಸ್ತಿ, ಲೆಕ್ಕ ಸರಿಯೇ. ಆದರೆ ಅದನ್ನು ಕೂರಿಸಬೇಕಾದರೆ ಏರ್‌ಬ್ಯಾಗ್ ಬಿಚ್ಚಿಡಬೇಕು. ನನಗೆ ಹುಚ್ಚು ಇರಬಹುದು, ಹಾಗಂತ ಹಲ್ಲುಗಳ ಮೇಲೆ ಪ್ರೀತಿ ಇಲ್ಲದಿಲ್ಲ.

ಆಮೇಲೆ ಟೈರಿನ ಗಾಳಿ ಇಳಿಸಿ ನೋಡಿದೆ. 33 ಇರಬೇಕಾದ್ದನ್ನು 28ಕ್ಕೆ ತಂದೆ. ಭಾರ ಬಂತು, ಭಾವ ಬರಲಿಲ್ಲ. ತಿರುಗಿಸಿದರೆ ಟೈರು ಮೊದಲು ತಾನು ಬಳುಕಿ, ಆಮೇಲೆ ಗಾಡಿಗೆ ಹೇಳಿ ಕಳಿಸುತ್ತಿತ್ತು. ಮೈಲೇಜೂ ಬಿತ್ತು. ಸಾಲದ್ದಕ್ಕೆ ಪೆಟ್ರೋಲ್ ಬಂಕಿನ ಗಾಳಿ ಹುಡುಗನಿಗೆ ನನ್ನ ಮೇಲೆ ಕನಿಕರ. ಕಂಡಾಗಲೆಲ್ಲ "ಗಾಳಿನೇ ಇಲ್ಲ ಸಾರ್" ಅಂತ ತಾನಾಗಿ ಬಂದು 33 ತುಂಬಿಸಿ ಕಳಿಸುತ್ತಿದ್ದ.

ವ್ಹೀಲ್ ಅಲೈನ್‌ಮೆಂಟಿನವನನ್ನೂ ಬಿಡಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತಲ್ಲ, ಕಾರಿನ ಮುಂದಿನ ಚಕ್ರಕ್ಕೂ ಅಂಥದ್ದೊಂದು ವಾಲು ಇದೆ. ಕ್ಯಾಸ್ಟರ್ ಅಂತಾರೆ. ಅದನ್ನು ಜಾಸ್ತಿ ಮಾಡಿದರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ತಿರುವಿನಿಂದ ತಾನಾಗಿ ನೇರಕ್ಕೆ ಬರುವ ಜೋರೂ ಹೆಚ್ಚುತ್ತದೆ. ಇದೇ ಸರಿಯಾದ ದಾರಿ ಅಂತ ಇವತ್ತಿಗೂ ನನ್ನ ನಂಬಿಕೆ. ಆದರೆ ಅಲೈನ್‌ಮೆಂಟಿನವನು ಕಂಪ್ಯೂಟರ್ ಪರದೆ ತೋರಿಸಿದ. "ಈ ಗಾಡಿಲಿ ಕ್ಯಾಸ್ಟರ್ ಕಾಣುತ್ತೆ ಸಾರ್, ಮುಟ್ಟೋಕೆ ಬರಲ್ಲ. ಟೋ ಒಂದೇ ಮಾಡಬಹುದು." ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಹಣೆಬರಹ ಇಷ್ಟೇ.

ಕಡೆಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್. ಅಲ್ಲೊಬ್ಬರು ಮೇಸ್ತ್ರಿ ಇದ್ದಾರೆ. ನಾನು ವಿಷಯ ಹೇಳುತ್ತಿದ್ದ ಹಾಗೇ ಅವರು ಪಕ್ಕದ ಗ್ಯಾರೇಜಿನವರನ್ನೂ ಕರೆದರು. "ಬನ್ರೋ, ಇವರು ಸ್ಟೇರಿಂಗ್ ಭಾರ ಮಾಡಿಸ್ಬೇಕಂತೆ." ನಾಲ್ಕು ಜನ ಸೇರಿದರು. ಒಬ್ಬ ಟೀ ಹೇಳಿದ.

ನಗೆಯೆಲ್ಲ ಮುಗಿದ ಮೇಲೆ ಮೇಸ್ತ್ರಿ ಬೆಂಚಿನ ಕೆಳಗಿನಿಂದ ಯಾವುದೋ ಗಾಡಿಯ ಬಿಚ್ಚಿದ ಸ್ಟೇರಿಂಗ್ ರ‍್ಯಾಕ್ ಎಳೆದು ತೋರಿಸಿದರು. ಮುಂದಿನ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಳ್ಳುವ ಹಲ್ಲಿನ ಸರಳು ಅದು. ಸ್ಟೇರಿಂಗಿನ ಕಂಬಿ ರ‍್ಯಾಕಿಗೆ ಸೇರುವ ಕಡೆ ಪೆನ್ಸಿಲ್ ದಪ್ಪದ ಒಂದು ಉಕ್ಕಿನ ಕಡ್ಡಿ. ಟಾರ್ಷನ್ ಬಾರ್. ಅದರ ಸುತ್ತ ಉದ್ದುದ್ದ ಗೀರು ಹಾಕಿದ ಒಂದು ಕೊಳವೆ, ಅದು ವಾಲ್ವ್. ನಾವು ಸ್ಟೇರಿಂಗ್ ತಿರುಗಿಸಿದಾಗ ಮೊದಲು ಆ ಕಡ್ಡಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ವಾಲ್ವ್ ಸರಿದು, ಇಂಜಿನ್ ಬೆಲ್ಟಿನಿಂದ ಓಡುವ ಪಂಪಿನ ಆಯಿಲ್ ಎಡಕ್ಕೋ ಬಲಕ್ಕೋ ನುಗ್ಗಿ ರ‍್ಯಾಕನ್ನು ತಳ್ಳುತ್ತದೆ. ತಳ್ಳುವುದು ಆಯಿಲ್, ಹೆಸರು ನಮ್ಮದು.

"ಆಯಿಲ್ ಹರಿಯೋದು ಕಮ್ಮಿ ಮಾಡಿದ್ರೆ ಅದು ತಳ್ಳೋದೂ ಕಮ್ಮಿ" ಅಂದರು ಮೇಸ್ತ್ರಿ. ಪಂಪಿನ ಬಾಯಿಯಲ್ಲಿ ಪೈಪು ಸೇರಿಸುವ ಒಂದು ತಿರುಪಿನ ತುಂಡು, ಅಂದರೆ ಯೂನಿಯನ್, ಇದೆ, ಅದರ ತೂತಿನ ಅಳತೆಯೇ ಹರಿವನ್ನು ತೀರ್ಮಾನಿಸುವುದು. ತೂತು ಸಣ್ಣ ಮಾಡಿದರೆ ಮಿಕ್ಕ ಆಯಿಲನ್ನು ಪಂಪು ತಾನೇ ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಯೂನಿಯನ್ ಹಾಗೇ ಎತ್ತಿಡೋಣ, ಲೇತಿನಲ್ಲಿ ಹೊಸದು ಮಾಡಿಸೋಣ ಅಂದರು. ಮೊದಲಿನ ತೂತು 4 ಮಿಲಿಮೀಟರ್. ಹೊಸದು 3. "ಬರೀ 1 ಮಿಲಿಮೀಟರ್ ಅಲ್ವಾ ಸಾರ್, ಅಂಥದ್ದೇನೂ ಗೊತ್ತಾಗಲ್ಲ."

ಲೇತಿನವನಿಗೂ ಮೇಸ್ತ್ರಿಗೂ ನನಗೂ ಸೇರಿ ಹೈಸ್ಕೂಲಿನ ವೃತ್ತದ ವಿಸ್ತೀರ್ಣ ಮರೆತುಹೋಗಿತ್ತು. 4ರ ವರ್ಗ 16, 3ರ ವರ್ಗ 9. ಅಂದರೆ ಆಯಿಲಿನ ದಾರಿ ಹತ್ತಿರ ಹತ್ತಿರ ಅರ್ಧ ಮುಚ್ಚಿತ್ತು.

ಯೂನಿಯನ್ ಕೂರಿಸಿದ ಮೇಲೆ ಆಯಿಲಿನಲ್ಲಿ ಸೇರಿಕೊಂಡ ಏರ್ ತೆಗೆಯುವ ಕೆಲಸ. ಮುಂದಿನ ಎರಡೂ ಚಕ್ರ ಜಾಕ್ ಮೇಲೆ. ಇಂಜಿನ್ ಆಫ್. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತಲೇ ಇರಬೇಕು. ಡಬ್ಬಿಯಲ್ಲಿ ಕೆಂಪು ಆಯಿಲಿನ ಮೇಲೆ ಗುಲಾಬಿ ನೊರೆ ಬಂದು, ಒಂದೊಂದೇ ಗುಳ್ಳೆ ಒಡೆಯುತ್ತದೆ. ನೊರೆ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಕರೆಂಟು ಹೋಯ್ತು, ಮಳೆ ಬಂತು, ಮೇಸ್ತ್ರಿಗೆ ಮದುವೆ ಊಟಕ್ಕೆ ಹೊತ್ತಾಯ್ತು. ನಾವು ಪೂರ್ತಿ ಕಾಯಲಿಲ್ಲ. ಹಾಗಾಗಿ ಸ್ಟಾರ್ಟ್ ಮಾಡಿದಾಗ ಕಾರು ಎಡಕ್ಕೆ ತಿರುಗಿಸಿದರೆ ನರಳಿತು, ಬಲಕ್ಕೆ ತಿರುಗಿಸಿದರೆ ಗೊಣಗಿತು. "ಓಡ್ತಾ ಓಡ್ತಾ ಸರಿ ಹೋಗುತ್ತೆ" ಅಂತ ಕಳಿಸಿಕೊಟ್ಟರು.

ಮರುದಿನ ಬೆಳಗ್ಗೆ ನಮ್ಮ ಗೇಟಿನ ಮುಂದೆ ಕೆಂಪಗೆ ಹರಡಿಕೊಂಡಿತ್ತು. ಯೂನಿಯನ್ನಿನ ತಾಮ್ರದ ವಾಷರ್ ಸರಿಯಾಗಿ ಕೂತಿರಲಿಲ್ಲ, ರಾತ್ರಿಯಿಡೀ ಆಯಿಲ್ ತೊಟ್ಟಿಕ್ಕಿದೆ. ಹಾಲಿನವನು ಬಾಟಲಿ ಕೆಳಗಿಟ್ಟು "ಯಾರಿಗೆ ಪೆಟ್ಟಾಯ್ತು?" ಅಂತ ಕೇಳಿದ. ಹಿಂದಿನ ದಿನ ಅಮಾವಾಸ್ಯೆ ಬೇರೆ. ಬೀದಿಯವರು ದೃಷ್ಟಿ ತೆಗೆದು ಚೆಲ್ಲಿದ ಕುಂಕುಮದ ನೀರು ಅಂದುಕೊಂಡು, ಅದನ್ನು ದಾಟದೆ ಆ ಬದಿಯ ಚರಂಡಿ ಕಲ್ಲಿನ ಮೇಲೆ ನಡೆದು ಹೋದರು. ಎದುರು ಮನೆಯ ಅಜ್ಜಿ ಅತ್ತೆಯನ್ನು ಕರೆದು, ನಿಮ್ಮ ಅಳಿಯನಿಗೆ ಯಾರ ಕಣ್ಣು ಬಿತ್ತು ಅಂತ ವಿಚಾರಿಸಿದರು. ಅತ್ತೆ ಕಾರಿನ ಕಡೆ ನೋಡಿ, "ಕಣ್ಣಲ್ಲ, ಕೈ ಬಿದ್ದಿದೆ" ಅಂದರು.

ವಾಷರ್ ಬದಲಾಯಿಸಿ, ಏರ್ ಪೂರ್ತಿ ತೆಗೆಸಿದ ಮೇಲೆ ಗಾಡಿ ಹೇಗಾಯ್ತು ಅಂತೀರಿ! ಯಾರು ಏನೇ ಅನ್ನಲಿ, ರಸ್ತೆಯ ಸುದ್ದಿ ಕೈಗೆ ಬರತೊಡಗಿತು. ಟಾರಿನ ತೇಪೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹಸ್ತಕ್ಕೆ ಗೊತ್ತಾಗುತ್ತಿತ್ತು. ನಿಜವಾದ ಫೀಲ್ ಬರೀ ಭಾರದಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಡುವ ಸ್ವಲ್ಪ ಮುಂಚೆ ಸ್ಟೇರಿಂಗ್ ಚೂರು ಹಗುರಾಗುತ್ತದೆ. ಅದು ಟೈರು ಕೊಡುವ ನೋಟಿಸು. ಮೊದಲೇ ಎಲ್ಲ ಹಗುರ ಇದ್ದರೆ ಆ ನೋಟಿಸು ಓದುವುದು ಹೇಗೆ? ಇದನ್ನು ಹೆಂಡತಿಗೆ ವಿವರಿಸಿದೆ. "ನೋಟಿಸ್ ಬರೋ ಅಷ್ಟು ಜೋರಾಗಿ ಯಾಕ್ರೀ ಓಡಿಸ್ತೀರಿ?" ಅಂದಳು. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಸಿಕ್ಕಿಲ್ಲ.

ಅರ್ಧ ಮುಚ್ಚಿದ ದಾರಿಯ ಇನ್ನೊಂದು ಗುಣ ತೋರಿಸಿದ್ದು ಆಗುಂಬೆ ಘಾಟಿ. ನಿಧಾನ ತಿರುಗಿಸಿದರೆ ಸ್ಟೇರಿಂಗ್ ಗಂಭೀರ, ಘನವಂತ. ಆದರೆ ಇಂಜಿನ್ ಸುಮ್ನೆ ಗುರುಗುಡುತ್ತಿರುವಾಗ ಗಬಕ್ಕನೆ ತಿರುಗಿಸಿದರೆ ಆಯಿಲ್ ಸಾಲುವುದಿಲ್ಲ. ಪಂಪು ಹಿಂದೆ ಬೀಳುತ್ತದೆ, ಸ್ಟೇರಿಂಗ್ ಮಧ್ಯದಲ್ಲೇ ಕಲ್ಲಾಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಇಳಿಯುತ್ತಿದ್ದೇನೆ, ಕೆಳಗಿನಿಂದ ಮಿನಿ ಬಸ್ಸು ಬಂತು. ಬದಿಗೆ ಸರಿಯಲು ಗಬಕ್ಕನೆ ತಿರುಗಿಸಿದೆ. ಅದು ನಿಂತೇ ಹೋಯ್ತು. ನಾನು ಸೀಟಿನಿಂದ ಅರ್ಧ ಎದ್ದು ಎರಡೂ ಕೈಯಲ್ಲಿ ಜಗ್ಗುತ್ತಿದ್ದೇನೆ. ತಡೆಗೋಡೆ ಮೇಲೆ ಕೂತ ಮಂಗಗಳು ತಿನ್ನುವುದನ್ನು ಬಿಟ್ಟು ನೋಡುತ್ತಿವೆ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಎಂಥ ಮಾರಾಯ್ರೆ, ತಿರುಗುದಿಲ್ವಾ? ನಾನೊಂದು ಕೈ ಹಾಕ್ಲಾ?" ಅಂದ. ಒಳಗಿದ್ದ ಹೆಂಗಸರು ನಕ್ಕರು. ಆಕ್ಸಿಲರೇಟರ್ ಚೂರು ಒತ್ತಿದೊಡನೆ ಪಂಪಿಗೆ ಜೀವ ಬಂದು ಸ್ಟೇರಿಂಗ್ ಸಲೀಸಾಯಿತು. ಆದರೆ ಅಷ್ಟರಲ್ಲಿ ಬಸ್ಸಿನವರೇ ಹಿಂದಕ್ಕೆ ತೆಗೆದುಕೊಂಡಿದ್ದರು. ಘಾಟಿಯಲ್ಲಿ ಬಸ್ಸು ಹಿಂದಕ್ಕೆ ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟರಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ. ಭಾನುವಾರ ಕಾಫಿಗೆ ಬಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಶುರು ಮಾಡಿದರು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ ಅಂದರು. "ನಾಳೆ ಏನಾದ್ರೂ ಆದ್ರೆ ಕ್ಲೇಮ್ ಕೊಡೋವಾಗ ತಕರಾರು ಮಾಡ್ತಾರೆ ನೋಡಿ." ಯೂನಿಯನ್ ಹೆಬ್ಬೆರಳಿನಷ್ಟೂ ಇಲ್ಲ ಅಂತ ವಾದಿಸಿದೆ. ಅವರು ಎರಡನೇ ಲೋಟ ಕಾಫಿ ಕೇಳಿದರು. ಹೆಂಡತಿ ಅವರಿಗೆ ಕೋಡುಬಳೆಯನ್ನೂ ತಂದುಕೊಟ್ಟಳು. ಅವಳು ಯಾರ ಪಕ್ಷ ಅಂತ ಆಗಲೇ ನನಗೆ ಗೊತ್ತಾಗಬೇಕಿತ್ತು.

ಅವಳು ಮಾಡಿದ್ದು ಬಹಳ ಸರಳ. ಕಾರು ಓಡಿಸುವುದನ್ನೇ ಬಿಟ್ಟಳು. "ನಿಮ್ಮ ಸ್ಟೇರಿಂಗ್, ನೀವೇ ತಿರುಗಿಸಿ." ಮಗಳ ಸ್ಕೂಲು, ಗಾಂಧಿ ಬಜಾರಿನ ತರಕಾರಿ, ಅತ್ತೆಯ ಭಜನೆ ಮಂಡಳಿ, ಅವರ ಜೊತೆ ಬರುವ ಇನ್ನು ಮೂವರು. ಎಲ್ಲದಕ್ಕೂ ನಾನೇ. ಗಾಂಧಿ ಬಜಾರಿನಲ್ಲಿ ಎರಡು ಗಾಡಿಗಳ ನಡುವೆ ತೂರಿಸಿ ಇಳಿದರೆ ಅಂಗಿ ಹಿಂಡುವ ಹಾಗಿರುತ್ತಿತ್ತು. ಹಿಂದಿನ ಸೀಟಿನ ಅಜ್ಜಿಯರು "ಪಾಪ, ಹುಡುಗನಿಗೆ ಬಿಪಿ ಇರಬೇಕು" ಅಂತ ಮಾತಾಡಿಕೊಳ್ಳುತ್ತಿದ್ದರು.

ಆ ಹೊತ್ತಿಗೆ ತೀರ್ಥಹಳ್ಳಿಯಿಂದ ಸೋದರಮಾವ ಬಂದರು. ಮಲೆನಾಡಿನ ಬಸ್ಸುಗಳಿಗೆ ಪವರ್ ಸ್ಟೇರಿಂಗ್ ಇಲ್ಲದ ಕಾಲದಲ್ಲಿ ಡ್ರೈವರ್ ಆಗಿದ್ದವರು. ಎಡ ಭುಜ ಈಗಲೂ ನೋಯುತ್ತದೆ. ನಾನು ಮಾಡಿಸಿದ್ದನ್ನು ಕೇಳಿ ಅವರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಎಂಥದಾ ನಿಂದು? ನಾವು ಕೈ ಮುಗಿದು ಕೇಳಿದ್ರೂ ಹಗುರದ್ದು ಸಿಗ್ಲಿಲ್ಲ. ನೀನು ದುಡ್ಡು ಕೊಟ್ಟು ಭಾರ ಮಾಡ್ಸಿದೀಯಲ್ಲ ಮಾರಾಯ!"

ನ್ಯಾಯವಾದ ಮಾತೇ. ಪವರ್ ಸ್ಟೇರಿಂಗ್ ಹುಟ್ಟಿದ್ದೇ ಇಂಥ ಭುಜಗಳಿಗಾಗಿ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಅನ್ನುವ ಇಂಜಿನಿಯರ್ ಪಿಯರ್ಸ್ ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದವನು. ಲಾರಿ ತಿರುಗಿಸುವ ಕಷ್ಟ ಕಂಡಿದ್ದವನು. 1926ರಲ್ಲೇ ಆಯಿಲ್ ಸ್ಟೇರಿಂಗ್ ಮಾಡಿ ಕಾರಿಗೆ ಹಾಕಿ ಓಡಿಸಿ ತೋರಿಸಿದ. ಮಾರುವ ಕಾರಿನಲ್ಲಿ ಬರಲು ಮಾತ್ರ 1951ರ ಕ್ರೈಸ್ಲರ್ ಇಂಪೀರಿಯಲ್‌ವರೆಗೆ ಕಾಯಬೇಕಾಯ್ತು. ನಮ್ಮ ಮಾವನವರೆಗೆ ಬರಲು ಇನ್ನೂ ತಡವಾಯ್ತು, ಅವರು ಅಷ್ಟರಲ್ಲಿ ರಿಟೈರ್ ಆಗಿದ್ದರು.

ಮಾವ ಕೀ ಇಸಕೊಂಡರು. ದುರ್ಗಿಗುಡಿಯಲ್ಲಿ, ನಾನು ಬೆವರು ಸುರಿಸುವಂಥದ್ದೇ ಒಂದು ಸಂದಿಗೆ, ಮಾತಾಡುತ್ತಲೇ ರಿವರ್ಸಿನಲ್ಲಿ ಹಾಕಿ ನಿಲ್ಲಿಸಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಗಾಡಿ ನಿಂತಾಗ ಅವರು ಸ್ಟೇರಿಂಗ್ ಮುಟ್ಟುವುದೇ ಇಲ್ಲ. ಕ್ಲಚ್ಚಿನಲ್ಲಿ ಗಾಡಿ ಇರುವೆ ಸಾಗುವಷ್ಟು ಸಾಗಬೇಕು, ಚಕ್ರ ಉರುಳಲು ಶುರುವಾದ ಮೇಲೇ ಕೈ ಆಡಬೇಕು. ಉರುಳುವ ಟೈರು ಸುಲಭವಾಗಿ ತಿರುಗುತ್ತದೆ, ನಿಂತ ಟೈರು ನೆಲವನ್ನು ತಿಕ್ಕುತ್ತದೆ. "ನಿಂತ ಗಾಡೀಲಿ ಸ್ಟೇರಿಂಗ್ ತಿರುಗಿಸೋದು ಯಾರಾ ಕಲಿಸಿದ್ದು ನಿಂಗೆ? ನಮ್ಮ ಕಾಲದಲ್ಲಿ ಹಂಗೆ ಮಾಡಿದ್ರೆ ಮಾಲೀಕರು ಟೈರಿನ ದುಡ್ಡು ಸಂಬಳದಲ್ಲಿ ಹಿಡೀತಿದ್ರು." ಹಿಂದೆ ಕೂತ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಇಳಿದ ಮೇಲೆ ಮಾವ ಭುಜ ತಿಕ್ಕುತ್ತಾ, "ಚೆನ್ನಾಗಿದೆ. ಆದ್ರೆ ಇದನ್ನ ಮನೆ ಹೆಂಗಸರ ಕೈಗೆ ಕೊಡಬೇಡ" ಅಂದರು. ಈ ಮಾತು ಹೇಳಬಾರದಿತ್ತು. "ಯಾಕೆ, ನಮಗೆ ಬರಲ್ವಾ?" ಅಂತ ಅವಳು ಅಲ್ಲೇ ಕೀ ಕಸಿದುಕೊಂಡು, ಮಾವ ತೋರಿಸಿದ ಹಾಗೇ ಉರುಳಿಸಿ ತಿರುಗಿಸಿ ಗಾಡಿಯನ್ನು ಹೊರಗೆ ತಂದಳು. ತಂದವಳು ನಮ್ಮಿಬ್ಬರನ್ನೂ ಬಿಟ್ಟು ಮನೆಗೆ ಹೋದಳು. ನಾವು ಆಟೋದಲ್ಲಿ ಹೋದೆವು.

ಈಗ 3 ಮಿಲಿಮೀಟರ್ ಹೋಗಿ 3.5 ಬಂದಿದೆ. ಬಸ್ಸು ಎದುರಾದರೂ ಸ್ಟೇರಿಂಗ್ ಕಲ್ಲಾಗುವುದಿಲ್ಲ. ಭಾರ ನನಗೆ ಸಾಲದು, ಅವಳಿಗೆ ಜಾಸ್ತಿ. ಮೇಸ್ತ್ರಿ ಪ್ರಕಾರ ಇಬ್ಬರೂ ಬೈಯುತ್ತಿದ್ದಾರೆ ಅಂದರೆ ಸೈಜು ಸರಿ ಇದೆ.

ಮೊನ್ನೆ ಹೊಸ ಕಾರು ನೋಡಲು ಹೋಗಿದ್ದೆವು. ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಎಲೆಕ್ಟ್ರಿಕ್ ಸ್ಟೇರಿಂಗ್. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಅನ್ನುವ ಪುಟಾಣಿ ಕಾರಿನಲ್ಲಿ ಶುರುವಾದದ್ದು. ಪಂಪಿಲ್ಲ, ಆಯಿಲಿಲ್ಲ. ಕಂಬಿಗೆ ಒಂದು ಮೋಟಾರು, ಅದಕ್ಕೆ ಎಷ್ಟು ತಳ್ಳಬೇಕು ಅಂತ ಹೇಳಲು ಒಂದು ಕಂಪ್ಯೂಟರು. ಶೋರೂಮಿನ ಹುಡುಗ ಒಂದು ಗುಂಡಿ ತೋರಿಸಿ, "ಇದು ಸ್ಪೋರ್ಟ್ ಮೋಡ್ ಸಾರ್, ಒತ್ತಿದ್ರೆ ಸ್ಟೇರಿಂಗ್ ಭಾರ ಆಗುತ್ತೆ" ಅಂದ. ಒತ್ತಿದೆ. ಆಯಿತು. ಆದರೆ ರಸ್ತೆಯಿಂದ ಒಂದು ಸುದ್ದಿಯೂ ಬರಲಿಲ್ಲ. ಮೋಟಾರು ಸಹಾಯ ಮಾಡುವುದನ್ನು ಕಮ್ಮಿ ಮಾಡಿತ್ತು, ಅಷ್ಟೇ. ನಾನು ಹುಡುಗನಿಗೆ ಟಾರ್ಷನ್ ಬಾರ್ ಬಗ್ಗೆ ಹೇಳಲು ಬಾಯಿ ತೆರೆದೆ.

ಹೆಂಡತಿ ನಡುವೆ ಬಂದಳು. "ಇದರ ಪಂಪಲ್ಲಿ ಯೂನಿಯನ್ ಇರುತ್ತಾ?"

"ಪಂಪೇ ಇಲ್ಲ ಮೇಡಂ. ಎಲ್ಲ ಸಾಫ್ಟ್‌ವೇರ್."

"ಆಟೋ ಕಾಂಪ್ಲೆಕ್ಸಲ್ಲಿ ಬಿಚ್ಚೋಕೆ ಆಗಲ್ಲ ಅಲ್ವಾ?"

"ಚಾನ್ಸೇ ಇಲ್ಲ ಮೇಡಂ."

"ಬಿಳಿ ಬಣ್ಣದ್ದು ಎಷ್ಟು ದಿನಕ್ಕೆ ಕೊಡ್ತೀರಿ?"