ಮುನ್ನೂರು ಜಾಡಿಗಳ ಮರ್ಯಾದೆ

ಕ್ರಿ.ಪೂ. 218ರಲ್ಲಿ ಕಾರ್ತೇಜಿನ ಸೇನಾನಿ ಹ್ಯಾನಿಬಲ್ ಆನೆಗಳ ಸಮೇತ ಆಲ್ಪ್ಸ್ ದಾಟಿ ಇಟಲಿಗೆ ಇಳಿದ ಸುಮಾರಿಗೇ ರೋಮನ್ನರು ತಮ್ಮ ಹಿರಿಯರ ಸಭೆಯಾದ ಸೆನೆಟ್‌ನ ಸದಸ್ಯರ, ಅಂದರೆ ಸೆನೆಟರುಗಳ, ಹಡಗಿನಲ್ಲಿ ಎಷ್ಟು ಜಾಡಿ ಹಿಡಿಯುತ್ತವೆಂದು ಲೆಕ್ಕ ಹಾಕುತ್ತಿದ್ದರು. ಕ್ವಿಂಟಸ್ ಕ್ಲಾಡಿಯಸ್ ಎಂಬ ಟ್ರಿಬ್ಯೂನ್ (ಜನಸಾಮಾನ್ಯರ ಪ್ರತಿನಿಧಿ) ತಂದ ಕಾನೂನಿನ ಪ್ರಕಾರ, ಸೆನೆಟರನಾಗಲಿ ಅವನ ಮಗನಾಗಲಿ ಮುನ್ನೂರು ಆಂಫೊರಾಗಳಿಗಿಂತ ಹೆಚ್ಚು ಹಿಡಿಯುವ ಕಡಲ ಹಡಗನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆಂಫೊರಾ ಎಂದರೆ ಸುಮಾರು 26 ಲೀಟರಿನ ಅಳತೆ. ಎರಡು ಹಿಡಿಗಳ ಮಣ್ಣಿನ ಜಾಡಿಯಿಂದ ಬಂದ ಹೆಸರು. ಸ್ವಂತ ಹೊಲದ ಫಸಲು ಸಾಗಿಸಲು ಮುನ್ನೂರು ಸಾಕು, ಅದಕ್ಕೂ ಮೀರಿ ಲಾಭಕ್ಕೆ ಕೈಚಾಚುವುದು ಸೆನೆಟರಿಗೆ ಶೋಭೆಯಲ್ಲ ಎಂಬುದು ಇತಿಹಾಸಕಾರ ಲಿವಿ ಕೊಡುವ ಕಾರಣ. ಅಂದರೆ ತನ್ನ ತೋಟದ ದ್ರಾಕ್ಷಾರಸವನ್ನು ಮಾರಿದರೆ ಮಡಿ ಕೆಡುವುದಿಲ್ಲ. ಮುನ್ನೂರ ಒಂದನೆಯ ಜಾಡಿ ಹಡಗು ಹತ್ತಿತೋ, ಕುಲಗೌರವ ನೀರುಪಾಲು! ಇಡೀ ಸಭೆಯಲ್ಲಿ ಇದನ್ನು ಬೆಂಬಲಿಸಿದವನು ಗಾಯಸ್ ಫ್ಲಾಮಿನಿಯಸ್ ಒಬ್ಬನೇ. ಉಳಿದವರಿಗೆ ತಮ್ಮ ಮರ್ಯಾದೆ ಇಷ್ಟು ಅಗ್ಗದಲ್ಲಿ ಉಳಿಯುವುದು ಇಷ್ಟವಿರಲಿಲ್ಲವೆಂದು ಕಾಣುತ್ತದೆ.

ಕಾನೂನು ಚಾಪೆಯ ಕೆಳಗೆ ತೂರಿದರೆ ಸೆನೆಟರು ರಂಗೋಲಿಯ ಕೆಳಗೆ ತೂರಿದರು. ಈ ವಿದ್ಯೆಯಲ್ಲಿ ಪಾರಂಗತನಾದವನು ಸಚ್ಚಾರಿತ್ರ್ಯಕ್ಕೆ ಹೆಸರಾದ ಹಿರಿಯ ಕೇಟೋ. ಪೂರ್ವಿಕರ ಕಾನೂನು ಕಳ್ಳನಿಗೆ ಎರಡರಷ್ಟು ದಂಡ ಹಾಕಿದರೆ ಬಡ್ಡಿಕೋರನಿಗೆ ನಾಲ್ಕರಷ್ಟು ಹಾಕುತ್ತಿತ್ತು ಎಂದು ತನ್ನ ಕೃಷಿ ಗ್ರಂಥದ ಆರಂಭದಲ್ಲೇ ಮೆಚ್ಚುಗೆಯಿಂದ ಬರೆದ ಈ ಮಹಾನುಭಾವ, ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುವಂತೆ, ಹಡಗಿನ ವ್ಯಾಪಾರಕ್ಕೇ ಸಾಲ ಕೊಡುತ್ತಿದ್ದ. ಸಾಲ ಬೇಕಾದವರು ಐವತ್ತು ಮಂದಿ ಪಾಲುದಾರರನ್ನೂ ಐವತ್ತು ಹಡಗುಗಳನ್ನೂ ಸೇರಿಸಿ ತರಬೇಕು. ಅದರಲ್ಲಿ ಒಂದು ಪಾಲು ಕೇಟೋನದು. ಆದರೆ ಹಡಗು ಹತ್ತಿ ವ್ಯವಹಾರ ನೋಡಿಕೊಳ್ಳುವವನು ಕೇಟೋ ಬಿಡುಗಡೆ ಮಾಡಿದ ಗುಲಾಮ ಕ್ವಿಂಟಿಯೋ. ಒಂದು ಹಡಗು ಮುಳುಗಿದರೂ ಒಡೆಯನಿಗೆ ತಟ್ಟುವ ನಷ್ಟ ಅಲ್ಪ. ಬೇನಾಮಿ ಎಂಬ ಪದವೊಂದು ಅವರ ಲ್ಯಾಟಿನ್ನಿನಲ್ಲಿ ಇರಲಿಲ್ಲ, ಅಷ್ಟೇ.

ಆ ಕಾನೂನು ಬಂದ ಸುಮಾರು ನೂರೈವತ್ತು ವರ್ಷಗಳ ನಂತರ, ಕ್ರಿ.ಪೂ. 70ರಲ್ಲಿ, ಸಿಸಿಲಿಯನ್ನು ಸುಲಿದ ಅಲ್ಲಿನ ಮಾಜಿ ರಾಜ್ಯಪಾಲ ವೆರ‍್ರೆಸ್‌ನ ಮೇಲೆ ಮೊಕದ್ದಮೆ ನಡೆಯಿತು. ಮೆಸ್ಸಾನಾ ಊರಿನವರು ಅವನಿಗೆ ಬಿಟ್ಟಿಯಾಗಿ ಕಟ್ಟಿಕೊಟ್ಟಿದ್ದ ಸರಕಿನ ಹಡಗಿನ ವಿಷಯ ಬಂದಾಗ ಫಿರ್ಯಾದಿಗಳ ವಕೀಲ ಸಿಸೆರೋ ತನ್ನ ಲಿಖಿತ ಭಾಷಣದಲ್ಲಿ ಪ್ರತಿವಾದಿಯ ವಕೀಲ ಹಾರ್ಟೆನ್ಸಿಯಸ್‌ನಿಗೆ ಧೈರ್ಯ ಹೇಳುತ್ತಾನೆ: ಹೆದರಬೇಡ, ಸೆನೆಟರನು ಹಡಗು ಕಟ್ಟಿಸಬಹುದೇ ಎಂದು ನಾನು ಕೇಳುವುದಿಲ್ಲ, ಅದನ್ನು ನಿಷೇಧಿಸುವ ಕಾನೂನುಗಳು ಹಳೆಯವು, ನೀನೇ ಹೇಳುವ ಹಾಗೆ, ಸತ್ತುಹೋದವು. ಆ ಹಡಗೋ, ಮೂರು ಸಾಲು ಹುಟ್ಟುಗಳ ಯುದ್ಧನೌಕೆಯಷ್ಟು ದೊಡ್ಡದಾಗಿತ್ತಂತೆ. ಜಾಡಿ ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.