ಗ್ರೀಸಿನ ಕಪ್ಪು ಪುಡಿಯೂ ನಮ್ಮ ಪ್ಲಸ್ ಟು ಭೌತಶಾಸ್ತ್ರವೂ

ಶಾಸ್ತ್ರೋತ್ಸವಗಳಲ್ಲಿ ‘ಗ್ರಾಫೀನ್: ಉಕ್ಕಿಗಿಂತ ಗಟ್ಟಿಯಾದ ಅದ್ಭುತ ವಸ್ತು’ ಎಂಬ ಒಂದೇ ಸಾಲಿನಲ್ಲಿ ವಿಷಯ ಮುಗಿಸುವ ಚಾರ್ಟುಗಳನ್ನು ಕಂಡಾಗ ನನಗೆ ಅಸಮಾಧಾನವಾಗುತ್ತದೆ. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಚಾರ್ಟಿನ ಮಾತು ಸುಳ್ಳಲ್ಲ. ಆದರೆ ಇಂಥ ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆಗಳು ಬೆಳಕಿನೊಡನೆಯೂ ವಿದ್ಯುತ್ತಿನೊಡನೆಯೂ ವರ್ತಿಸುವ ರೀತಿಯನ್ನು ಬಿಟ್ಟು ಗಟ್ಟಿತನವನ್ನಷ್ಟೇ ಹೊಗಳಿದರೆ ಮಕ್ಕಳಿಗೆ ದಕ್ಕುವುದು ಬರೀ ಜಾಹೀರಾತು.

ಗ್ಯಾರೇಜುಗಳಲ್ಲಿ ಬಳಸುವ ಕೆಲವು ಬಗೆಯ ಕಪ್ಪು ಗ್ರೀಸಿನಲ್ಲಿ ಮಾಲಿಬ್ಡಿನಮ್ ಲೋಹವೂ ಗಂಧಕವೂ ಸೇರಿದ ಮಾಲಿಬ್ಡಿನಮ್ ಡೈಸಲ್ಫೈಡ್ ಇರುತ್ತದೆ. ಅದರ ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ ಎಂಬುದೇ ಅದಕ್ಕೆ ಕಾರಣ. ಈ ವಸ್ತುವಿನ ದಪ್ಪ ಹರಳಿನಲ್ಲಿ ಮೇಲಿನ ಶಕ್ತಿಮಟ್ಟಕ್ಕೇರಿದ ಎಲೆಕ್ಟ್ರಾನ್ ನೇರವಾಗಿ ಕೆಳಗಿಳಿಯಲಾರದು, ಹರಳಿನ ಕಂಪನದ ನೆರವು ಬೇಕಾಗುತ್ತದೆ, ಹಾಗಾಗಿ ಬೆಳಕು ಹೊಮ್ಮುವುದು ತೀರಾ ಕ್ಷೀಣ. ಅದನ್ನೇ ಒಂದು ಪದರಕ್ಕೆ, ಅಂದರೆ ಸುಮಾರು 0.65 ನ್ಯಾನೋಮೀಟರ್ ದಪ್ಪಕ್ಕೆ ಇಳಿಸಿದಾಗ ಮೇಲಿನ ಮತ್ತು ಕೆಳಗಿನ ಮಟ್ಟಗಳ ನಡುವಿನ ಶಕ್ತಿಯ ಅಂತರ ಸುಮಾರು 1.3ರಿಂದ 1.8 ಎಲೆಕ್ಟ್ರಾನ್ ವೋಲ್ಟಿಗೆ (ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುವ ಮಾನ) ಏರುತ್ತದೆ, ನೇರ ಇಳಿತವೂ ಸಾಧ್ಯವಾಗುತ್ತದೆ. ಲೇಸರ್ ಬೆಳಕು ಬಿದ್ದರೆ ಆ ಪದರ ಕೆಂಪಾಗಿ ಹೊಳೆಯುತ್ತದೆ. 2010ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಪ್ರತ್ಯೇಕವಾಗಿ ತೋರಿಸಿಕೊಟ್ಟವು. ರಾಸಾಯನಿಕ ಸೂತ್ರದಲ್ಲಿ ಒಂದಕ್ಷರವೂ ಬದಲಾಗದೆ, ಪದರಗಳ ಎಣಿಕೆಯಿಂದಲೇ ವಸ್ತುವಿನ ಸ್ವಭಾವ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗ್ರಾಫೀನಿನಲ್ಲಿ ಇಂಥ ಅಂತರವೇ ಇಲ್ಲ. ಎಲೆಕ್ಟ್ರಾನುಗಳು ಅತಿವೇಗವಾಗಿ ಹರಿಯುತ್ತವೆ, ಆದರೆ ಹರಿವನ್ನು ಪೂರ್ತಿ ನಿಲ್ಲಿಸಲಾಗದು. ಹೀಗಾಗಿ ಲೆಕ್ಕ ಮಾಡುವ ಚಿಪ್ಪುಗಳ ಸ್ವಿಚ್ಚಾಗಿ ಅದು ಸೋತಿದೆಯೆಂದೇ ನನ್ನ ಅಭಿಪ್ರಾಯ. 2011ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತಯಾರಾದ ಒಂದೇ ಪದರದ ಮಾಲಿಬ್ಡಿನಮ್ ಡೈಸಲ್ಫೈಡ್ ಟ್ರಾನ್ಸಿಸ್ಟರಿನಲ್ಲಾದರೋ ಹರಿಯುವ ಮತ್ತು ನಿಂತ ಸ್ಥಿತಿಗಳ ವಿದ್ಯುತ್ತಿನ ನಡುವೆ ಹತ್ತು ಕೋಟಿ ಪಟ್ಟು ವ್ಯತ್ಯಾಸವಿತ್ತು.

ಬೆಳಕಿನ ಲೆಕ್ಕದಲ್ಲಿ ಮಾತ್ರ ಗ್ರಾಫೀನಿಗೆ ಸಾಟಿಯಿಲ್ಲ. ಕಣ್ಣಿಗೆ ಕಾಣುವ ಬೆಳಕು ಯಾವ ಬಣ್ಣದ್ದಾದರೂ ಒಂದು ಪದರ ಹೀರುವುದು ಸುಮಾರು 2.3 ಶೇಕಡಾ. ಪೈ ಎಂಬ ಸಂಖ್ಯೆಯನ್ನು 137ರಿಂದ ಭಾಗಿಸಿ ನೋಡಿ, ಅದೇ ಉತ್ತರ ಬರುತ್ತದೆ. ಆ 137ರ ವಿಲೋಮವು ಬೆಳಕಿಗೂ ಎಲೆಕ್ಟ್ರಾನಿಗೂ ಇರುವ ನಂಟಿನ ಬಲವನ್ನು ಅಳೆಯುವ, ನಿಸರ್ಗದ ಮೂಲಭೂತ ಸ್ಥಿರಾಂಕಕ್ಕೆ ಬಹಳ ಹತ್ತಿರದ ಬೆಲೆ. ಮ್ಯಾಂಚೆಸ್ಟರಿನಲ್ಲಿ ಈ ಅಳತೆ 2008ರಲ್ಲಿ ಪ್ರಕಟವಾಯಿತು.

ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ಲಸ್ ಟುವಿನಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುವ, ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಪೆರ್ಲದ ಮಕ್ಕಳಿಗೆ ಈ ಭಾಗಾಕಾರ ಕಷ್ಟವಲ್ಲ. ಅವರ ಅಧ್ಯಾಪಕರು ಎಲೆಕ್ಟ್ರಾನಿನ ಈ ಕಥೆಯನ್ನು ಮೊದಲು ಕನ್ನಡದಲ್ಲೇ ಪೂರ್ತಿ ಹೇಳಿ, ಆಮೇಲೆ ಪುಸ್ತಕ ತೆರೆಯಲಿ. ಗ್ರಾಫೀನಿನ ಪದರಗಳೇ ಒಂದರ ಮೇಲೊಂದು ಕೂತಿರುವ, ಪೆನ್ಸಿಲಿನಲ್ಲಿರುವ ಗ್ರಾಫೈಟನ್ನು ಅಂಟುಪಟ್ಟಿಯಿಂದ ಸುಲಿಯುವುದು ತರಗತಿಯಲ್ಲೇ ಆಗುವ ಕೆಲಸ. 2004ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಗ್ರಾಫೀನನ್ನು ಬೇರ್ಪಡಿಸಲು ಮಾಡಿದ್ದೂ ಇದನ್ನೇ. ಆದರೆ ಒಂದು ಪದರ ಕಣ್ಣಿಗೆ ಬೀಳಲು ಸುಮಾರು 300 ನ್ಯಾನೋಮೀಟರ್ ಆಕ್ಸೈಡ್ ಹೊದ್ದ ಸಿಲಿಕಾನ್ ಬಿಲ್ಲೆಯೂ ಒಳ್ಳೆಯ ಸೂಕ್ಷ್ಮದರ್ಶಕವೂ ಬೇಕು. ಅದೇ ಜಿಲ್ಲೆಯ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇರುವಾಗ, ಶಾಲೆಗಳು ಒಟ್ಟಾಗಿ ಕೇಳಿದರೆ ಈ ಎರಡಕ್ಕೂ ದಾರಿಯಾದೀತು.